ರೇನ್ ಡ್ಯಾನ್ಸ್ ಫ್ರೀ, ಮಸಾಲೆ ದೋಸೆಗೆ 283 ರೂಪಾಯಿ

ಕೊಡಗಿನ ರೆಸಾರ್ಟ್‌ಗಳ ಒಳಗೆ ನಾನು ಹೋಗುವುದು ಹಿಂದಿನ ಬಾಗಿಲಿಂದ. ಕುಶಾಲನಗರದಲ್ಲಿ ನಮ್ಮದು ತರಕಾರಿ ಸಪ್ಲೈ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ರಾತ್ರಿ ಹತ್ತರ ಹೊತ್ತಿಗೆ ವಾಟ್ಸಾಪ್‌ಗೆ ಲಿಸ್ಟ್ ಬರುತ್ತದೆ. ಬೆಳಿಗ್ಗೆ ಕತ್ತಲು ಹರಿಯುವ ಮುಂಚೆ ಗಾಡಿ ಲೋಡ್ ಆಗುತ್ತದೆ. ಸುಂಟಿಕೊಪ್ಪ, ಮಡಿಕೇರಿ, ಸಿದ್ದಾಪುರದ ಕಡೆ ಹೋಗುತ್ತದೆ. ಮುಂಬಾಗಿಲಿಂದ ಹೋಗಿ, ಟೇಬಲ್ ಮುಂದೆ ಕೂತು, ದುಡ್ಡು ಕೊಟ್ಟು ಊಟ ಮಾಡುವ ಪ್ರಸಂಗ ಬರುವುದು ಬೆಂಗಳೂರಿನ ನೆಂಟರು ಬಂದಾಗ ಮಾತ್ರ.

ಈ ಸಲ ಬಂದದ್ದು ಅಕ್ಕ, ಬಾವ, ಅವರ ಇಬ್ಬರು ಮಕ್ಕಳು. ಮಕ್ಕಳಿಗೆ ಜಿಪ್‌ಲೈನ್ ಬೇಕು, ಈಜುಕೊಳ ಬೇಕು, ರೇನ್ ಡ್ಯಾನ್ಸ್ ಬೇಕು. ಈಗಿನ ದೊಡ್ಡ ರೆಸಾರ್ಟ್ ಅಂದರೆ ಅರ್ಧ ಥೀಮ್ ಪಾರ್ಕೇ ಅಲ್ವಾ? ವರ್ಷಕ್ಕೆ ನಾಲ್ಕು ತಿಂಗಳು ಆಕಾಶವೇ ಪುಕ್ಕಟೆ ರೇನ್ ಡ್ಯಾನ್ಸ್ ಆಡಿಸುವ ಊರಲ್ಲಿ ಪೈಪಿನಿಂದ ಮಳೆ ಸುರಿಸಿ ಡಿಜೆ ಹಾಕುತ್ತಾರೆ. ಇರಲಿ, ಮಕ್ಕಳು ಖುಷಿಪಟ್ಟರು. ಬಾವ ಎಂಎಪಿ ಪ್ಲ್ಯಾನ್ ತಗೊಂಡಿದ್ದರು. ಅಂದರೆ ರೂಮಿನ ಜೊತೆ ಬೆಳಗಿನ ತಿಂಡಿ ಮತ್ತು ರಾತ್ರಿ ಊಟ. ಮಧ್ಯಾಹ್ನದ್ದು, ಸಂಜೆಯದ್ದು ನಮ್ಮ ಜೇಬಿನಿಂದ. ರೆಸಾರ್ಟ್ ಯಾವುದು ಅಂತ ಹೇಳುವುದಿಲ್ಲ. ನಾಳೆ ನಾನೂ ವ್ಯಾಪಾರ ಮಾಡಬೇಕು.

ರಾತ್ರಿ ಬಫೆಗೆ ನಮ್ಮನ್ನೂ ಕರೆದಿದ್ದರು. ನಮ್ಮ ತಲೆಗೆ ಬೇರೆ ರೇಟು. ಸಾಲಾಗಿ ಇಪ್ಪತ್ತು ಸ್ಟೀಲ್ ಪಾತ್ರೆ, ಒಂದೊಂದರ ಮುಂದೆ ಚಂದದ ಹೆಸರಿನ ಚೀಟಿ. ಪನೀರ್ ಬಟರ್ ಮಸಾಲ, ವೆಜ್ ಕಡಾಯಿ, ಕೊಲ್ಹಾಪುರಿ, ಮಶ್ರೂಮ್ ಮಸಾಲ. ಮುಚ್ಚಳ ತೆಗೆದರೆ ನಾಲ್ಕಕ್ಕೂ ಒಂದೇ ಕಿತ್ತಳೆ ಬಣ್ಣದ ಗ್ರೇವಿ. ನನಗೆ ಆಶ್ಚರ್ಯ ಆಗಲಿಲ್ಲ. ಈರುಳ್ಳಿ, ಟೊಮೆಟೊ, ಗೋಡಂಬಿ ರುಬ್ಬಿ ದೊಡ್ಡ ಪಾತ್ರೆಯಲ್ಲಿ ಬೇಸ್ ಗ್ರೇವಿ ಮಾಡಿ ಇಟ್ಟುಕೊಳ್ಳುವುದು ಎಲ್ಲ ಹೋಟೆಲಿನಲ್ಲೂ ಇದೆ. ಆದರೆ ಒಳ್ಳೆಯ ಅಡುಗೆಯವನು ಅಲ್ಲಿಂದ ಶುರು ಮಾಡುತ್ತಾನೆ. ಇಲ್ಲಿ ಅಲ್ಲಿಗೇ ಮುಗಿಸಿದ್ದರು.

‘ಕೂರ್ಗ್ ಸ್ಪೆಷಲ್’ ಅಂತ ಒಂದು ಮೂಲೆ ಇತ್ತು. ಬಾವ ಬೆಂಗಳೂರಿನಿಂದ ಬರುವಾಗಲೇ ಪಂದಿ ಕರಿಯ, ಅಂದರೆ ಕೊಡಗಿನ ಹಂದಿ ಸಾರಿನ, ಜಪ ಮಾಡುತ್ತಿದ್ದರು. ಅದು ಬಫೆಯಲ್ಲಿಲ್ಲ, ಬೇರೆ ಆರ್ಡರ್ ಮಾಡಬೇಕು, ಪ್ಲೇಟಿಗೆ 560 ಅಂದರು. ತರಿಸಿದರು. ಕೆಂಪಗಿತ್ತು! ಪಂದಿ ಕರಿ ಕೆಂಪಗಿರುವುದು ಎಲ್ಲಾದರೂ ಉಂಟಾ? ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಸಾಸಿವೆ, ಮೆಂತ್ಯವನ್ನು ಕಪ್ಪಾಗುವ ತನಕ ಹುರಿದು ಪುಡಿ ಮಾಡಿ, ಕೊನೆಗೆ ಕಾಚಂಪುಳಿ ಬಿಟ್ಟರೆ ಬರುವ ಬಣ್ಣ ಬೇರೆ. ಮಳೆಗಾಲದಲ್ಲಿ ಉದುರುವ ಪಣಪುಳಿ ಹಣ್ಣಿನ ರಸ ಇಳಿಸಿ, ಮಸಿಯಷ್ಟು ಕಪ್ಪಾಗಿ ಗಟ್ಟಿಯಾಗುವ ತನಕ ಕುದಿಸಿದ್ದು ಕಾಚಂಪುಳಿ. ಒಂದು ಚಮಚ ಬಿದ್ದರೂ ಬಾಯಿಗೆ ಗೊತ್ತಾಗುತ್ತದೆ. ಇದರಲ್ಲಿ ಇದ್ದದ್ದು ವಿನೆಗರ್. ಮೊದಲ ತುತ್ತಿಗೇ ಗಂಟಲಿಗೆ ಹತ್ತಿತು. ಜೊತೆಗೆ ಕೊಟ್ಟ ಕಡಂಬುಟ್ಟು, ಅದೇ ಹಬೆಯಲ್ಲಿ ಬೇಯಿಸುವ ಅಕ್ಕಿ ಉಂಡೆ, ಬೆಳಿಗ್ಗೆಯದ್ದೋ, ಹಿಂದಿನ ದಿನದ್ದೋ. ಚಮಚದಲ್ಲಿ ಒತ್ತಿದರೆ ಪಕ್ಕಕ್ಕೆ ಜಾರಿತು. ‘ನಮ್ಮ ಅಪಾರ್ಟ್‌ಮೆಂಟ್ ಹತ್ತಿರದ ಕೊಡಗು ಮೆಸ್ಸಲ್ಲೇ ಇದಕ್ಕಿಂತ ಚೆನ್ನಾಗಿರುತ್ತಪ್ಪ’ ಅಂದರು ಬಾವ. ನನಗೆ ಅವಮಾನ ಆಯಿತು. ಅಡುಗೆ ನನ್ನದಲ್ಲ, ಊರು ನನ್ನದು.

ಬೆಳಿಗ್ಗೆ ತಿಂಡಿಗೆ ಚಿತ್ರಾನ್ನ. ಅದರಲ್ಲಿ ಕಾಳು ಕಾಳಾಗಿ ಜೀರಿಗೆ. ರಾತ್ರಿ ಬಫೆಯಲ್ಲಿ ಜೀರಾ ರೈಸ್ ಇತ್ತು. ನಾನೇನೂ ಹೇಳಲಿಲ್ಲ, ಅಕ್ಕನೇ ಒಂದು ಜೀರಿಗೆಯನ್ನು ಬೆರಳಲ್ಲಿ ಎತ್ತಿ ನನ್ನ ಮುಖ ನೋಡಿದಳು.

ಈಗ ಹಿಂಬಾಗಿಲಿನ ಕಥೆಗೆ ಬರುತ್ತೇನೆ. ಅಪ್ಪನ ಕಾಲದ ಲೆಕ್ಕದ ಪುಸ್ತಕಗಳು ಇನ್ನೂ ಅಂಗಡಿಯ ಅಟ್ಟದ ಮೇಲಿವೆ. ರೆಸಾರ್ಟ್‌ಗಳು ಅಂದು ಏನೇನು ತರಿಸುತ್ತಿದ್ದವು ಅಂತ ಅದರಲ್ಲಿ ಸಾಲು ಸಾಲಾಗಿ ಇದೆ. ಕೆಸುವಿನ ಎಲೆ, ಬಸಳೆ, ಬಾಳೆದಿಂಡು, ಸುವರ್ಣಗೆಡ್ಡೆ, ಸೂಜಿಮೆಣಸು, ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರು). ಈಗ ನನ್ನ ಫೋನಿಗೆ ಬರುವ ಲಿಸ್ಟ್ ಯಾವ ಊರಿನ ಹೋಟೆಲಿನದ್ದಾದರೂ ಆಗಬಹುದು. ಕ್ಯಾಪ್ಸಿಕಮ್, ಹೂಕೋಸು, ಬೇಬಿ ಕಾರ್ನ್, ಫ್ರೋಜನ್ ಬಟಾಣಿ, ಡಬ್ಬದ ಟೊಮೆಟೊ ಪ್ಯೂರಿ, ಬಕೆಟ್‌ನಲ್ಲಿ ಬರುವ ಶುಂಠಿ-ಬೆಳ್ಳುಳ್ಳಿ ಪೇಸ್ಟ್. ಶುಂಠಿ ಬೆಳೆಯುವ ಜಿಲ್ಲೆಗೆ ಶುಂಠಿ ಪೇಸ್ಟ್ ಬಕೆಟ್‌ನಲ್ಲಿ ಬರುತ್ತದೆ! ಮೆನು ಕಾರ್ಡ್ ಮಾತ್ರ ದಪ್ಪ ಆಗುತ್ತಲೇ ಹೋಗಿದೆ. ಚೈನೀಸ್, ತಂದೂರಿ, ಇಟಾಲಿಯನ್ ಎಲ್ಲ ಉಂಟು. ನನ್ನ ಲಿಸ್ಟ್ ತೆಳ್ಳಗಾಗಿದೆ.

ಇದಕ್ಕೆ ಕಾರಣ ಅಡುಗೆಯವರ ಸೋಮಾರಿತನ ಅಂತ ನೀವು ಅಂದುಕೊಂಡರೆ ಅಲ್ಲ. ಬಹಳ ಕಡೆ ಈಗ ಅಡುಗೆಮನೆ ರೆಸಾರ್ಟ್‌ನ ಕೈಯಲ್ಲೇ ಇಲ್ಲ. ಜಾಗ ಒಬ್ಬರದ್ದು, ನಡೆಸುವವರು ಇನ್ನೊಬ್ಬರು, ಕಿಚನ್ ಕಾಂಟ್ರಾಕ್ಟ್ ಮೂರನೆಯವರಿಗೆ. ಕಾಂಟ್ರಾಕ್ಟರ್‌ಗೆ ಪ್ಲೇಟಿಗೆ ಇಷ್ಟು ಅಂತ ಲೆಕ್ಕ. ನಾನು ತರಕಾರಿ ಹಾಕುವ ಒಂದು ಕಡೆ ಹಾಸನದ ಕಡೆಯ ಹುಡುಗನೊಬ್ಬ ಅಡುಗೆಗಿದ್ದಾನೆ. ಕೈ ಚೆನ್ನಾಗಿದೆ ಅವನದ್ದು. ತನಗೆ ಅಂತ ಮಾಡಿಕೊಂಡ ಹುರುಳಿಕಾಳಿನ ಉಪ್ಸಾರನ್ನು ನನಗೂ ಹಾಕಿದ್ದ, ಇಂದಿಗೂ ನೆನಪಿದೆ. ‘ಇದನ್ನೇ ಗೆಸ್ಟ್‌ಗೂ ಬಡಿಸೋ ಮಾರಾಯ’ ಅಂದರೆ ನಕ್ಕ. ‘ಅಣ್ಣ, ಪ್ಲೇಟಿಗೆ ಇಷ್ಟೇ ಅಂತ ಕೊಡ್ತಾರೆ. ಅದ್ರಲ್ಲೇ ಗ್ಯಾಸು, ಅದ್ರಲ್ಲೇ ನಮ್ಮ ಸಂಬಳ, ಅದ್ರಲ್ಲೇ ನಿಮ್ಮ ತರಕಾರಿ. ಕಾಚಂಪುಳಿ ಬೇಕು ಅಂತ ಕೇಳಿದ್ದಕ್ಕೆ ವಿನೆಗರ್ ಕ್ಯಾನ್ ಕಳಿಸಿದ್ರು’ ಅಂದ. ಗೆಸ್ಟ್ ಕೊಡುವ ದುಡ್ಡಿಗೂ ಈ ಹುಡುಗನ ಕೈಗೆ ಸಿಗುವ ದುಡ್ಡಿಗೂ ನಡುವೆ ಎಷ್ಟು ಜನ ಕೂತಿದ್ದಾರೆ ನೋಡಿ. ಬುಕಿಂಗ್ ಆ್ಯಪ್‌ನವರ ಕಮಿಷನ್ ಬೇರೆ.

ಹಿಂದೆ ಸುಮಾರು ರೆಸಾರ್ಟ್‌ಗಳಲ್ಲಿ ಅಕ್ಕಪಕ್ಕದ ಊರಿನ ಒಬ್ಬರಾದರೂ ಹೆಂಗಸರು ಒಟ್ಟಿ (ಕೊಡಗಿನ ಅಕ್ಕಿರೊಟ್ಟಿ) ಮಾಡಲಿಕ್ಕೆ ಅಂತಲೇ ಇರುತ್ತಿದ್ದರು. ಹಾಗೆ ಒಬ್ಬರು ಅಕ್ಕ ನನಗೆ ಚೆನ್ನಾಗಿ ಪರಿಚಯ. ಕ್ರೇಟ್ ಇಳಿಸಿದ ಮೇಲೆ ಅವರ ಒಲೆ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಮೆತ್ತಗೆ ಬೆಂದ ಅನ್ನ, ಅಕ್ಕಿಹಿಟ್ಟು ಎರಡನ್ನೂ ಬಿಸಿ ಇರುವಾಗಲೇ ಸೇರಿಸಿ ನಾದುವವರು. ಕೈ ಸುಡುತ್ತದೆ ಅಂತ ನಡುನಡುವೆ ಬೆರಳನ್ನು ತಣ್ಣೀರಿಗೆ ಅದ್ದುವರು. ತೆಳ್ಳಗೆ ಮಾಡಿ ಕಾವಲಿಯ ಮೇಲೆ ಎರಡು ಮಗ್ಗುಲು ತೋರಿಸಿ, ಆಮೇಲೆ ಕೆಂಡಕ್ಕೆ ಹಾಕಿದರೆ ಬುಸ್ ಅಂತ ಉಬ್ಬುವುದು. ಈರುಳ್ಳಿ ಇಲ್ಲ, ಸಬ್ಬಸಿಗೆ ಇಲ್ಲ. ಬರೀ ಅಕ್ಕಿ. ಸ್ವಲ್ಪ ಜೇನು ಸುರಿದು ಕೊಡುತ್ತಿದ್ದರು. ಕಾಂಟ್ರಾಕ್ಟ್ ಬಂದ ವರ್ಷ ಅವರನ್ನು ಬಿಡಿಸಿದರು. ಒಟ್ಟಿ ಬಫೆಯ ಬಿಸಿ ಪಾತ್ರೆಯಲ್ಲಿ ನಿಲ್ಲುವುದಿಲ್ಲ, ಆಗಾಗಲೇ ಮಾಡಬೇಕು, ಅದಕ್ಕೊಬ್ಬರು ಬೇಕು. ಕಡಂಬುಟ್ಟು, ಶಾವಿಗೆಯಂಥ ನೂಪುಟ್ಟು, ಹಾಲು ಹಾಕಿ ಬೇಯಿಸುವ ಪಾಪುಟ್ಟು ಎಲ್ಲದರ ಕಥೆಯೂ ಅದೇ. ಪನೀರ್ ಗ್ರೇವಿ ಹಾಗಲ್ಲ. ಏಳಕ್ಕೆ ಇಟ್ಟದ್ದು ಹತ್ತೂವರೆಗೂ ಹಾಗೇ ಇರುತ್ತದೆ. ಈಗ ಅದೇ ರೆಸಾರ್ಟ್‌ನಲ್ಲಿ ಅಕ್ಕಿರೊಟ್ಟಿ ಅಂತ ಕೊಡುವುದು ಈರುಳ್ಳಿ, ಕ್ಯಾರೆಟ್ ಹಾಕಿದ ಮೈಸೂರಿನ ಕಡೆಯ ದಪ್ಪ ರೊಟ್ಟಿ. ಅದೂ ಒಳ್ಳೆಯ ರೊಟ್ಟಿಯೇ, ಸರಿಯಾಗಿ ಮಾಡಿದರೆ.

ಕಾಫಿ ವಿಷಯ ಬರೆಯಲೇಬಾರದು ಅಂತಿದ್ದೆ, ತಡೆಯಲಾಗುತ್ತಿಲ್ಲ. ದೇಶದ ಕಾಫಿಯಲ್ಲಿ ಮೂರನೇ ಒಂದು ಪಾಲಿನಷ್ಟು ಬೆಳೆಯುವ ಜಿಲ್ಲೆ. ರೂಮಿನ ಕಿಟಕಿ ತೆಗೆದರೆ ರೊಬಸ್ಟಾ ಗಿಡ ಕೈಗೆ ಸಿಗುತ್ತದೆ. ಒಳಗೆ ಕೆಟಲ್ ಪಕ್ಕದಲ್ಲಿ ಇನ್‌ಸ್ಟಂಟ್ ಕಾಫಿಯ ಎರಡು ಸ್ಯಾಶೆ, ಹಾಲಿನ ಪುಡಿ. ಕೆಳಗಿನ ಕೆಫೆಯಲ್ಲಿ ಫಿಲ್ಟರ್ ಕಾಫಿ ಒಂದಕ್ಕೆ 150. 2024ರಲ್ಲಿ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) 50 ಕೆಜಿ ಚೀಲಕ್ಕೆ 10,000 ದಾಟಿತು, ನಿಜ. ಆದರೂ ಲೆಕ್ಕ ಹಾಕಿ. ಕೆಜಿಗೆ ಎಷ್ಟಾಯಿತು, ಒಂದು ಲೋಟಕ್ಕೆ ಎಷ್ಟು ಪುಡಿ ಬೇಕು? ಬೆಲ್ಲದ ಕಪ್ಪು ಕಾಫಿ ಸಿಗುತ್ತದಾ ಅಂತ ಕೇಳಿದೆ. ಹುಡುಗ ‘ಬ್ಲ್ಯಾಕ್ ಕಾಫಿ ಇದೆ ಸಾರ್, ಶುಗರ್ ಬೇರೆ ಕೊಡ್ತೀವಿ’ ಅಂದ.

ಬಿಲ್‌ನಲ್ಲಿ ಬಾವನಿಗೆ ತಲೆ ಕೆಟ್ಟದ್ದು ತೆರಿಗೆ ನೋಡಿ. ಈಜುಕೊಳದ ಪಕ್ಕದ ಕೆಫೆಯಲ್ಲಿ ಮಕ್ಕಳು ತಿಂದ ಮಸಾಲೆ ದೋಸೆ 240. ಅದಕ್ಕೆ ಶೇಕಡ 18 ಜಿಎಸ್‌ಟಿ ಸೇರಿ 283 ರೂಪಾಯಿ 20 ಪೈಸೆ. ‘ಹೋಟೆಲ್ ಊಟಕ್ಕೆ 5 ತಾನೇ? 7,500ರ ಮೇಲಿನ ರೂಮಾದರೆ ಮಾತ್ರ 18 ಅಲ್ವಾ? ನಮ್ಮ ರೂಮು 6,800’ ಅಂತ ಕೌಂಟರ್‌ನಲ್ಲಿ ವಾದ. ನನ್ನ ಬಿಲ್‌ಗಳ ದೆಸೆಯಿಂದ ಇದು ನನಗೆ ಸ್ವಲ್ಪ ಗೊತ್ತು. ರೆಸಾರ್ಟ್‌ನವರು ಹೇಳಿದ್ದೇ ಸರಿ. 2025ರ ಏಪ್ರಿಲ್ 1ರಿಂದ ನಿಯಮ ಹೀಗಿದೆ: ಹಿಂದಿನ ಹಣಕಾಸು ವರ್ಷದಲ್ಲಿ ಅಲ್ಲಿಯ ಯಾವುದೇ ಒಂದು ರೂಮು ಒಂದೇ ಒಂದು ದಿನ 7,500ಕ್ಕಿಂತ ಜಾಸ್ತಿಗೆ ಹೋಗಿದ್ದರೆ, ಈ ವರ್ಷ ಪೂರ್ತಿ ಅಲ್ಲಿನ ರೆಸ್ಟೋರೆಂಟ್‌ಗೆ 18. ನೀವು ಯಾವ ರೂಮಿನಲ್ಲಿದ್ದೀರಿ, ರೂಮು ತಗೊಂಡಿದ್ದೀರೋ ಇಲ್ಲವೋ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಹೊಸ ವರ್ಷದ ರಾತ್ರಿ ಒಂದು ಕಾಟೇಜ್ ಒಂಬತ್ತು ಸಾವಿರಕ್ಕೆ ಹೋದರೆ ಸಾಕು, ಮುಂದಿನ ಹಣಕಾಸು ವರ್ಷವಿಡೀ ನಿಮ್ಮ ದೋಸೆಗೆ 18. ಇನ್ನೊಂದು ತಮಾಷೆ: 7,500ರ ಒಳಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ 12ರಿಂದ 5ಕ್ಕೆ ಇಳಿದಿದೆ. ಹಾಗಾಗಿ ಬಾವ ಮಲಗಿದ್ದಕ್ಕೆ 5, ತಿಂದದ್ದಕ್ಕೆ 18.

ನೀರಿನ ಬಾಟಲಿಗೆ ಎಂಆರ್‌ಪಿ ಮೇಲೆ ಹಾಕಿದ್ದರು. ಅದನ್ನೂ ಕೇಳುವ ಹಾಗಿಲ್ಲ. ಹೋಟೆಲ್, ರೆಸ್ಟೋರೆಂಟ್‌ನವರು ಹಾಗೆ ಮಾರಬಹುದು ಅಂತ 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಕೊನೆಯ ಸಾಲಿನಲ್ಲಿ ಶೇಕಡ 10 ಸರ್ವಿಸ್ ಚಾರ್ಜ್ ಇತ್ತಲ್ಲ, ಅದನ್ನು ಮಾತ್ರ ತೆಗೆಸಿದೆ. ಗ್ರಾಹಕರನ್ನು ಕೇಳದೆ ಅದನ್ನು ಬಿಲ್‌ಗೆ ಸೇರಿಸಬಾರದು ಅಂತ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಮಾಡಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿ ಹಿಡಿದಿದೆ. ತೆಗೆಯಲ್ಲ ಅಂದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಮಗೆ ಫೋನ್ ಮಾಡುವ ಕಷ್ಟ ಬರಲಿಲ್ಲ. ಮ್ಯಾನೇಜರ್ ಮಾತಿಲ್ಲದೆ ಹೊಸ ಬಿಲ್ ಕೊಟ್ಟರು. ಉಳಿದ ದುಡ್ಡಲ್ಲಿ ಬಡಿಸಿದ ಹುಡುಗನ ಕೈಗೆ ಬಾವ ನೇರವಾಗಿ ಸ್ವಲ್ಪ ಕೊಟ್ಟರು.

ರೆಸಾರ್ಟ್‌ನವರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. 2018ರ ಆಗಸ್ಟ್‌ನ ಭೂಕುಸಿತ ಆದ ಮೇಲೆ ಎಷ್ಟೋ ತಿಂಗಳು ರೂಮುಗಳು ಖಾಲಿ ಬಿದ್ದಿದ್ದನ್ನು ನೋಡಿದ್ದೇನೆ. ಆಮೇಲೆ ಕೊರೊನಾ. ಮಳೆಗಾಲದಲ್ಲಿ ಕರೆಂಟ್ ಹೋದರೆ ಡೀಸೆಲ್ ಸುಟ್ಟು ಜನರೇಟರ್ ಓಡಿಸಬೇಕು. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ದಾಟಿದಾಗ ಅವರ ಬೈಗುಳ ತಿಂದವನು ನಾನೇ. ಮಂಗಳವಾರ ಐದು ರೂಮು, ಶನಿವಾರ ಫುಲ್. ಎಷ್ಟು ಜನಕ್ಕೆ ಅಕ್ಕಿ ಇಡುವುದು? ರೇಟು ಏರಿದ್ದಕ್ಕೆ ನನ್ನ ತಕರಾರು ಅಷ್ಟಿಲ್ಲ. ಏರಿದ ದುಡ್ಡು ಒಲೆಯ ಹತ್ತಿರ ಬಾರದೇ ಇರುವುದಕ್ಕೆ ಸಿಟ್ಟು. ಅದು ಗಾಜಿನ ಸೇತುವೆಗೆ, ಸ್ಪೀಕರ್‌ಗೆ, ಬಣ್ಣದ ಲೈಟ್‌ಗೆ ಹೋಗುತ್ತದೆ. ಯಾಕೆಂದರೆ ಬುಕ್ ಮಾಡುವಾಗ ಜನ ನೋಡುವುದು ಆ ಫೋಟೊಗಳನ್ನು. ಸಾರಿನ ರುಚಿ ಫೋಟೊದಲ್ಲಿ ಬರುವುದಿಲ್ಲವಲ್ಲ.

ಜುಲೈ-ಆಗಸ್ಟ್‌ನಲ್ಲಿ ‘ಮಾನ್ಸೂನ್ ಪ್ಯಾಕೇಜ್’ ಅಂತ ರೂಮು ಅಗ್ಗಕ್ಕೆ ಕೊಡುತ್ತಾರೆ. ನಮ್ಮಲ್ಲಿ ಅದು ಕಕ್ಕಡ ಮಾಸ. ಆಗಸ್ಟ್ ಶುರುವಿನ ಆ ಒಂದು ದಿನ ಮನೆಮನೆಯಲ್ಲಿ ಮದ್ದು ಸೊಪ್ಪು ಕುದಿಸಿ, ಆ ನೇರಳೆ ನೀರಲ್ಲಿ ಪಾಯಸ ಮಾಡುತ್ತಾರೆ. ಸೊಪ್ಪು ಕೆಲವು ರೆಸಾರ್ಟ್‌ಗಳ ಬೇಲಿಯಲ್ಲೇ ಬೆಳೆದಿರುತ್ತದೆ. ಒಮ್ಮೆ ನಾನೇ ಒಂದು ಕಟ್ಟು ಸೊಪ್ಪು ಕ್ರೇಟ್ ಮೇಲಿಟ್ಟು ಪುಕ್ಕಟೆ ಕೊಟ್ಟೆ, ಗೆಸ್ಟ್‌ಗೆ ಮಾಡಿಕೊಡಿ ಅಂತ. ಮೆನುದಲ್ಲಿ ಇಲ್ಲ ಅಂದರು. ರಾತ್ರಿ ಕಸ್ಟರ್ಡ್ ಕೊಟ್ಟಿದ್ದಾರೆ.

ಬಾವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಮಕ್ಕಳಿಗೆ ಆಟ ಬೇಕಿದ್ದರೆ ರೆಸಾರ್ಟ್‌ಗೆ ಹೋಗಿ, ಬೇಡ ಅನ್ನುವುದಿಲ್ಲ. ಆದರೆ ತಿಂಡಿಯ ಪ್ಲ್ಯಾನ್ ಮಾತ್ರ ತಗೊಳ್ಳಿ. ರಾತ್ರಿಯೂಟ ಸೇರಿಸಬೇಡಿ. ಬುಕ್ ಮಾಡುವ ಮುಂಚೆ ಫೋನ್ ಮಾಡಿ, ಕಿಚನ್ ನಿಮ್ಮದೇನಾ, ಕಾಂಟ್ರಾಕ್ಟಾ ಅಂತ ಕೇಳಿ. ತಡವರಿಸಿದರೆ ಅರ್ಥ ಮಾಡಿಕೊಳ್ಳಿ. ಊಟಕ್ಕೆ ಮಡಿಕೇರಿ, ಗೋಣಿಕೊಪ್ಪದ ಸಣ್ಣ ಹೋಟೆಲುಗಳಿವೆ. ಟೇಬಲ್ ಅಲ್ಲಾಡಬಹುದು, ಪಂದಿ ಕರಿ ಕಪ್ಪಗಿರುತ್ತದೆ. ಮಕ್ಕಳು ಹಟ ಮಾಡಿದರೆ ಹೊಳೆ ದಾಟಿ ಟಿಬೆಟನ್ನರ ಬೈಲುಕುಪ್ಪೆಯಲ್ಲಿ ಮೊಮೊ ತಿನ್ನಿಸಿ. ಎಲ್ಲಕ್ಕಿಂತ ಒಳ್ಳೆಯದು ಮನೆಯವರೇ ಅಡುಗೆ ಮಾಡುವ ಹೋಂಸ್ಟೇಗೆ ಹಿಂದಿನ ದಿನವೇ ಹೇಳಿ ಊಟಕ್ಕೆ ಹೋಗುವುದು. ಉಳಿದುಕೊಳ್ಳದಿದ್ದರೂ ಕೆಲವರು ಮಾಡಿಕೊಡುತ್ತಾರೆ. ಒಟ್ಟಿ ಮಾಡುತ್ತಿದ್ದ ಆ ಅಕ್ಕ ಈಗ ಅಂಥ ಒಂದು ಮನೆಯ ಅಡುಗೆ ನೋಡಿಕೊಳ್ಳುತ್ತಾರೆ. ಅಲ್ಲಿಂದ ನನಗೆ ವಾಟ್ಸಾಪ್ ಲಿಸ್ಟ್ ಬರುವುದಿಲ್ಲ. ಅವರೇ ಫೋನ್ ಮಾಡಿ ಕೆಸುವಿನ ಎಲೆ ಎಳೆಯದು ಬಂದಿದೆಯಾ ಅಂತ ವಿಚಾರಿಸುತ್ತಾರೆ, ಬಲಿತದ್ದು ಕಳಿಸಿದರೆ ಮರುದಿನ ಗಾಡಿಯಲ್ಲೇ ವಾಪಸ್ ಕಳಿಸುತ್ತಾರೆ.