ಸರಿಯುತ್ತಾ ಹೋದ ನೆಪ್ಚೂನ್

1979ರಿಂದ 1999ರವರೆಗೆ ಪ್ಲೂಟೊ ನೆಪ್ಚೂನ್‌ಗಿಂತಲೂ ಸೂರ್ಯನಿಗೆ ಹತ್ತಿರವಿತ್ತು. ಆದರೂ ಇವೆರಡೂ ಡಿಕ್ಕಿ ಹೊಡೆಯುವ ಭಯವಿಲ್ಲ, ಏಕೆಂದರೆ ನೆಪ್ಚೂನ್ ಮೂರು ಸುತ್ತು ಹಾಕುವಷ್ಟರಲ್ಲಿ ಪ್ಲೂಟೊ ಎರಡು ಸುತ್ತು ಮುಗಿಸುವುದರಿಂದ, ಅದು ನೆಪ್ಚೂನ್‌ನ ಹಾದಿಯ ಬಳಿ ಬಂದಾಗಲೆಲ್ಲ ನೆಪ್ಚೂನ್ ಬೇರೆಲ್ಲೋ ದೂರದಲ್ಲಿರುತ್ತದೆ. ಈ ತಾಳ ಆಕಸ್ಮಿಕವಲ್ಲವೆಂದು 1993ರಲ್ಲಿ ಖಗೋಳವಿಜ್ಞಾನಿ ರೇಣು ಮಲ್ಹೋತ್ರಾ ತೋರಿಸಿಕೊಟ್ಟರು: ಹಿಮಕಾಯಗಳನ್ನು ಒಳಕ್ಕೆ ಎಸೆಯುತ್ತಾ ತಾನು ಮೆಲ್ಲಮೆಲ್ಲನೆ ಹೊರಕ್ಕೆ ಸರಿದ ನೆಪ್ಚೂನ್, ಪ್ಲೂಟೊವನ್ನು ಇದೇ ತಾಳಕ್ಕೆ ಸಿಕ್ಕಿಸಿಕೊಂಡು, ಅದರ ಕಕ್ಷೆಯನ್ನು ಹಿಗ್ಗಿಸಿ, ಉದ್ದನೆಯ ದೀರ್ಘವೃತ್ತವನ್ನಾಗಿಸಿತು. ಅದರಂಥ ಇನ್ನೂ ನೂರಾರು ಕಾಯಗಳು ಇಂದಿಗೂ ಅದೇ ತಾಳದಲ್ಲಿವೆ.

ನನಗೆ ಇದಕ್ಕಿಂತ ಸೋಜಿಗವೆನಿಸುವುದು ನೆಪ್ಚೂನ್‌ಗೂ ಆಚೆಗಿರುವ ಪುಟ್ಟ ಹಿಮಕಾಯ ಅರೋಕಾತ್. 2019ರ ಜನವರಿ 1ರಂದು ನಾಸಾದ ನ್ಯೂ ಹೊರೈಜನ್ಸ್ ನೌಕೆ ಹತ್ತಿರದಿಂದ ಕಂಡ ಆ ಕೆಂಪು ಜೋಡಿಗಡ್ಡೆಯ ಕಕ್ಷೆ ಬಹುತೇಕ ವೃತ್ತಾಕಾರವಾಗಿ, ಹೆಚ್ಚು ಓರೆಯಿಲ್ಲದೆ ಉಳಿದಿದೆ. ಪ್ಲೂಟೊವನ್ನು ಅಷ್ಟು ದೂರ ತಳ್ಳಿದ ನೆಪ್ಚೂನ್ ಇದನ್ನು ಹೇಗೆ ಕದಲಿಸದೆ ಬಿಟ್ಟಿತೆಂಬುದನ್ನೂ ನೆಪ್ಚೂನ್‌ನ ಈ ಹೊರವಲಸೆಯ ಯಾವುದೇ ಲೆಕ್ಕಾಚಾರ ವಿವರಿಸಬೇಕಾಗುತ್ತದೆ.