ಮೂರು ಲ್ಯಾಂಗ್ ಕಡುಬು, ಎರಡು ಚಾಂಗ್ ಟಿಕೆಟ್: ಬೀಜಿಂಗ್‌ನಿಂದ ಚೆಂಗ್ದುವಿಗೆ

ಬೀಜಿಂಗ್ ಪಶ್ಚಿಮ ನಿಲ್ದಾಣದಿಂದ ಷಿಯಾನ್‌ಗೆ ಸುಮಾರು 1,200 ಕಿಲೋಮೀಟರ್. ಅಲ್ಲಿಂದ ಚಿನ್‌ಲಿಂಗ್ ಪರ್ವತಸಾಲಿನ ಸುರಂಗಗಳನ್ನು ದಾಟಿದರೆ ಚೆಂಗ್ದು. ಈ ಎರಡನೇ ಹಳಿಯಲ್ಲಿ ವೇಗದ ರೈಲು ಶುರುವಾದದ್ದು 2017ರ ಡಿಸೆಂಬರಿನಲ್ಲಿ. ದಾರಿ ಸುಲಭವಾಗಿದೆ. ತೊಡಕಾಗುವುದು ಕೌಂಟರಿನ ಮುಂದೆ ನಿಂತು ಎಣಿಸಬೇಕಾದಾಗ.

ಚೀನೀ ಭಾಷೆಯಲ್ಲಿ ಸಂಖ್ಯೆಯನ್ನು ವಸ್ತುವಿಗೆ ನೇರವಾಗಿ ಅಂಟಿಸುವಂತಿಲ್ಲ, ನಡುವೆ ಒಂದು ಅಳತೆಪದ ಬರಬೇಕು. ‘ಎರಡು ಟಿಕೆಟ್’ ಎಂದರೆ ಲ್ಯಾಂಗ್ ಚಾಂಗ್ ಫ್ಯಾವ್. ಲ್ಯಾಂಗ್ ಎರಡು, ಫ್ಯಾವ್ ಟಿಕೆಟ್, ನಡುವಿನ ಚಾಂಗ್ ಹಾಳೆಯಂತೆ ಚಪ್ಪಟೆಯಾದ ವಸ್ತುಗಳ ಅಳತೆಪದ. ಟಿಕೆಟ್, ನಕಾಶೆ, ಮೇಜು, ಮಂಚ ಎಲ್ಲಕ್ಕೂ ಅದೇ. ಬಿಡಿಯಾಗಿ ಎಣಿಸುವಾಗ ಎರಡಕ್ಕೆ ‘ಅರ್’ ಎನ್ನುತ್ತಾರೆ, ಆದರೆ ಅಳತೆಪದದ ಮುಂದೆ ಅದು ‘ಲ್ಯಾಂಗ್’ ಆಗುತ್ತದೆ. ‘ಅರ್ ಫ್ಯಾವ್’ ಎಂದರೆ ಎರಡು ತಪ್ಪು ಒಟ್ಟಿಗೆ.

ಕನ್ನಡಿಗರಿಗೆ ಇದು ತೀರಾ ಹೊಸದಲ್ಲ. ಹೂವನ್ನು ಮೊಳದಲ್ಲಿ, ಸೊಪ್ಪನ್ನು ಕಟ್ಟಿನಲ್ಲಿ ಕೇಳುತ್ತೇವೆ. ‘ಎರಡು ಮಕ್ಕಳು’ ಎಂದವರನ್ನು ‘ಇಬ್ಬರು’ ಎಂದು ತಿದ್ದುತ್ತೇವೆ. ಉಚ್ಚಾರಣೆಯಲ್ಲೂ ನಮ್ಮ ವರ್ಣಮಾಲೆ ಕೈಹಿಡಿಯುತ್ತದೆ. ರೋಮನ್ ಬರಹದಲ್ಲಿ ‘ಬಿ’ ಅಕ್ಷರ ಕಂಡಲ್ಲಿ ಕೇಳುವುದು ನಮ್ಮ ಪ, ‘ಪಿ’ ಕಂಡಲ್ಲಿ ಅದರ ಮಹಾಪ್ರಾಣ ಫ. ಇದು ಫ್ಯಾನ್ ಎನ್ನುವಾಗಿನ ಫ ಅಲ್ಲ, ತುಟಿ ಮುಚ್ಚಿ ಉಸಿರು ಬಿಡುವ ಫ. ಹಾಗಾಗಿ ಲೋಟಕ್ಕೆ ಪೇಯ್, ಬಾಟಲಿಗೆ ಫಿಂಗ್. ಮಹಾಪ್ರಾಣವನ್ನು ನುಂಗುವ ನಮ್ಮ ಮಾತಿನ ರೂಢಿಯನ್ನು ಇಲ್ಲಿ ಬಿಡಬೇಕು.

ಬೀಜಿಂಗ್‌ನ ಹೋಟೆಲ್ ಬಾಗಿಲಲ್ಲಿ ಮೊದಲು ಎದುರಾಗುವ ಪ್ರಶ್ನೆ ‘ಚೀ ವೇಯ್?’, ಅಂದರೆ ಎಷ್ಟು ಮಂದಿ? ವೇಯ್ ಎಂಬುದು ಗೌರವದ ಅಳತೆಪದ. ಉತ್ತರದಲ್ಲಿ ಅದನ್ನೇ ಮರಳಿಸದೆ ‘ಸಾನ್ ಕ’, ಮೂವರು, ಎನ್ನುವುದು ಚೆಂದ. ನಾವು ದಯಮಾಡಿಸಿದ್ದೇವೆ ಎಂದು ನಾವೇ ಹೇಳಿಕೊಳ್ಳುವುದಿಲ್ಲವಲ್ಲ, ಹಾಗೆ.

ಮುಂದಿನದು ತಟ್ಟೆಯ ಲೆಕ್ಕ, ಇಲ್ಲೇ ನಿಜವಾಗಿ ಎಡವುವುದು. ನೀರಿನಲ್ಲಿ ಬೇಯಿಸಿದ ಹೂರಣದ ಕಡುಬು ಚ್ಯಾವ್‌ತ್ಸವನ್ನು ಹಳೆಯ ಪದ್ಧತಿಯ ಅಂಗಡಿಗಳಲ್ಲಿ ತೂಕದಲ್ಲಿ ಕೊಡುತ್ತಾರೆ. ಒಂದು ಚಿನ್ ಎಂದರೆ 500 ಗ್ರಾಂ. ಅದರ ಹತ್ತನೇ ಒಂದು ಭಾಗ, 50 ಗ್ರಾಂ, ಒಂದು ಲ್ಯಾಂಗ್ (ಇಲ್ಲಿ ಅದು ‘ಎರಡು’ ಅಲ್ಲ, ತೂಕದ ಹೆಸರು). ಈ ತೂಕ ಬೆಂದ ಕಡುಬಿನದ್ದಲ್ಲ, ಅದಕ್ಕೆ ಬಳಸಿದ ಹಿಟ್ಟಿನದ್ದು. ಒಂದು ಲ್ಯಾಂಗಿಗೆ ಸುಮಾರು 5-6 ಕಡುಬು ಬರುತ್ತವೆ, ಒಬ್ಬರ ಹೊಟ್ಟೆಗೆ ಮೂರು ಲ್ಯಾಂಗ್ ಸಾಕು. ಅರ್ಧ ಕಿಲೋ ತಾನೇ ಎಂದು ‘ಯೀ ಚಿನ್’ ಕೇಳಿದರೆ ಐವತ್ತರ ಮೇಲೆ ಕಡುಬು ಮೇಜಿಗೆ ಬರುತ್ತದೆ. ಎರಡು ಲ್ಯಾಂಗ್ ಬೇಕಾದರೆ ಮೇಲಿನ ನಿಯಮ ತಲೆಕೆಳಗು: ‘ಲ್ಯಾಂಗ್ ಲ್ಯಾಂಗ್’ ಎನ್ನುವುದಿಲ್ಲ, ‘ಅರ್ ಲ್ಯಾಂಗ್’ ಎನ್ನುತ್ತಾರೆ.

ಹಿಂದೆ ಒಂದು ಚಿನ್‌ಗೆ 16 ಲ್ಯಾಂಗ್ ಇತ್ತು. 1959ರಲ್ಲಿ ಅದನ್ನು ಹತ್ತಕ್ಕೆ ಇಳಿಸಿದರು. ಆದರೂ ‘ಅರ್ಧ ಚಿನ್, ಎಂಟು ಲ್ಯಾಂಗ್’ ಎಂಬ ನುಡಿಗಟ್ಟು ‘ಎರಡೂ ಒಂದೇ’ ಎಂಬ ಅರ್ಥದಲ್ಲಿ ಇಂದಿಗೂ ಬದುಕಿದೆ.

ಹಣ್ಣಿನ ಗಾಡಿಯ ಮೇಲಿನ ಬೆಲೆ ಸಾಮಾನ್ಯವಾಗಿ ಚಿನ್ ಲೆಕ್ಕದ್ದು. ಕಿಲೋ ಬೆಲೆ ತಿಳಿಯಲು ಎರಡರಿಂದ ಗುಣಿಸಿ. ಚಹಾ, ಒಣಗಿಸಿದ ಗಿಡಮೂಲಿಕೆಯಂಥ ದುಬಾರಿ ಸರಕಿನ ಬೆಲೆ ಲ್ಯಾಂಗ್‌ನಲ್ಲಿರಬಹುದು, ಆಗ ಇಪ್ಪತ್ತರಿಂದ. ತಕ್ಕಡಿಗೆ ಹಾಕಿಸುವ ಮೊದಲೇ ‘ಯೀ ಚಿನ್?’ ಎಂದು ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು, ಕತ್ತರಿಸಿ ತೂಗಿದ ಮೇಲೆ ಬೇಡ ಎನ್ನುವುದು ಕಷ್ಟ.

ವಸತಿಯ ಕೌಂಟರಿನಲ್ಲಿ ಕಾಲದ ಪದಗಳು ಕೈಕೊಡುತ್ತವೆ. ದಿನಕ್ಕೂ ವರ್ಷಕ್ಕೂ ಅಳತೆಪದ ಬೇಡ: ‘ಸಾನ್ ಥ್ಯೆನ್’ ಮೂರು ದಿನ. ತಿಂಗಳಿಗೆ ಬೇಕು. ‘ಸಾನ್ ಕ ಯುಎ’ ಮೂರು ತಿಂಗಳು. ನಡುವಿನ ‘ಕ’ ಬಿಟ್ಟರೆ ‘ಸಾನ್ ಯುಎ’, ಅಂದರೆ ಮಾರ್ಚ್. ಎಷ್ಟು ಕಾಲ ಇರುತ್ತೀರಿ ಎಂದು ಕೇಳಿದವರಿಗೆ ಮಾರ್ಚ್ ಎಂದಂತಾಗುತ್ತದೆ.

ಷಿಯಾನ್‌ನಲ್ಲಿ ಮಿಂಗ್ ಕಾಲದ ಕೋಟೆಗೋಡೆಯ ಸುತ್ತಳತೆ 13.7 ಕಿಲೋಮೀಟರ್, ಮೇಲೆ ಬಾಡಿಗೆ ಸೈಕಲ್ ಸಿಗುತ್ತದೆ. ವಾಹನದ ಅಳತೆಪದವೂ ಲ್ಯಾಂಗ್. ಎರಡು ಸೈಕಲ್ಲಿಗೆ ‘ಲ್ಯಾಂಗ್ ಲ್ಯಾಂಗ್’ ಎಂದೇ ಹೇಳಬೇಕು: ಮೊದಲನೆಯದು ತಗ್ಗಿದ ದನಿಯಲ್ಲಿ, ಎರಡನೆಯದು ಮೇಲಿನಿಂದ ಥಟ್ಟನೆ ಇಳಿಯುವ ದನಿಯಲ್ಲಿ. ಮಾಂಸದ ಸಾರಿನಲ್ಲಿ ರೊಟ್ಟಿಯ ಚೂರು ಬೇಯಿಸುವ ಪ್ರಸಿದ್ಧ ಫಾವೋಮೋ ಅಂಗಡಿಗಳಲ್ಲಿ ರೊಟ್ಟಿಯ ಲೆಕ್ಕ ಬರೀ ‘ಕ’: ‘ಲ್ಯಾಂಗ್ ಕ’ ಎಂದರೆ ಎರಡು. ಬಟ್ಟಲಿಗೆ ಅದನ್ನು ನಾವೇ ಸಣ್ಣಗೆ ಮುರಿದು ಹಾಕಿ ಅಡುಗೆಮನೆಗೆ ಮರಳಿಸಬೇಕು, ದಪ್ಪ ಚೂರು ಒಳಗೆ ಸಾರು ಹೀರುವುದಿಲ್ಲ.

ಈ ‘ಕ’ ಎಲ್ಲದಕ್ಕೂ ಒದಗುವ ಪದ. ಮೀನಿಗೆ, ದಾರಿಗೆ ಥ್ಯಾವ್, ಕುದುರೆಗೆ ಫೀ, ದನಕ್ಕೆ ಥೋ (ಅದರ ಅರ್ಥ ತಲೆ), ಕೊಡೆಗೂ ಕುರ್ಚಿಗೂ ಪಾ. ಇವೆಲ್ಲ ಮರೆತು ‘ಕ’ ಎಂದರೂ ಎದುರಿನವರಿಗೆ ತಿಳಿಯುತ್ತದೆ, ಮಾತು ಒರಟಾಗುತ್ತದೆ ಅಷ್ಟೆ. ತೂಕ, ಪಾತ್ರೆ, ತಿಂಗಳುಗಳ ವಿಷಯ ಹಾಗಲ್ಲ, ತಪ್ಪಿದರೆ ಬರುವ ವಸ್ತುವೇ ಬೇರೆ. ಸಾನ್ ಪೇಯ್ ಬಿಯರ್ ಮೂರು ಲೋಟ, ಸಾನ್ ಫಿಂಗ್ ಮೂರು ಬಾಟಲಿ. ಪಠ್ಯಪುಸ್ತಕಗಳ ಉದ್ದನೆಯ ಪಟ್ಟಿಯನ್ನು ಬದಿಗಿಟ್ಟು ಚಿನ್, ಲ್ಯಾಂಗ್, ಪೇಯ್, ಫಿಂಗ್, ವಾನ್ (ಬಟ್ಟಲು) ಮತ್ತು ಕ ಎಂಬ ಆರನ್ನು ಗಟ್ಟಿ ಮಾಡಿಕೊಂಡು ರೈಲು ಹತ್ತಿದರೆ ಸಾಕು.

ಚೆಂಗ್ದುವಿನಲ್ಲಿ ನೂಡಲ್ಸ್ ಕೂಡ ಲ್ಯಾಂಗ್‌ನಲ್ಲೇ ಸಿಗುತ್ತದೆ. ‘ಅರ್ ಲ್ಯಾಂಗ್’ ಎಂದರೆ ಒಬ್ಬರ ಸಾಧಾರಣ ಊಟ. ಪೀಪಲ್ಸ್ ಪಾರ್ಕಿನ ಚಹಾಮಂದಿರದ ಬಿದಿರಿನ ಕುರ್ಚಿಗಳಲ್ಲಿ ಮುಚ್ಚಳದ ಬಟ್ಟಲಿನ ಚಹಾ, ಬಿಸಿನೀರು ಮತ್ತೆ ಮತ್ತೆ ತುಂಬುತ್ತಾರೆ. ಇಲ್ಲಿಯ ಮಾತಿನ ಧಾಟಿ ಬೀಜಿಂಗ್‌ನದ್ದಲ್ಲ, ಸಂಖ್ಯೆಗಳೂ ಒಮ್ಮೆಗೆ ಕಿವಿಗೆ ಹತ್ತುವುದಿಲ್ಲ. ಆಗ ನೆರವಾಗುವುದು ಕ್ರಿಯೆಯನ್ನು ಎಣಿಸುವ ಅಳತೆಪದ ಪ್ಯೆನ್, ಮೊದಲಿಂದ ಕೊನೆಯವರೆಗೆ ಒಂದು ಸಲ ಎಂದು ಅದರ ಅರ್ಥ: ‘ತ್ಸಾಯ್ ಷ್ವೋ ಯೀ ಪ್ಯೆನ್’, ಇನ್ನೊಂದು ಸಲ ಪೂರ್ತಿ ಹೇಳಿ.