ಫಿಲ್ಟರಿನ ಕಾರ್ಬನ್ ಮತ್ತು ಸೊಸೈಟಿಯ ಟ್ಯಾಂಕು

ಮುಂಬೈ ಬಳಿಯ ಅಂಬರನಾಥದ ಔಷಧ ಕಾರ್ಖಾನೆಯಲ್ಲಿ ನಾನು ಕೆಮಿಸ್ಟ್ ಆಗಿದ್ದವಳೆಂದು ತಿಳಿದ ಡೊಂಬಿವಲಿಯ ನೆರೆಹೊರೆಯವರು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: ನೀರು ಚೆನ್ನಾಗಿಯೇ ಬರುತ್ತಿರುವಾಗ ಫಿಲ್ಟರಿನ ಕಾರ್ಬನ್ ಬದಲಿಸಲೇಬೇಕೆ?

ಬದಲಿಸಲೇಬೇಕು. ಈ ಕಾರ್ಬನ್ ಎಂದರೆ ಹೆಚ್ಚಾಗಿ ತೆಂಗಿನ ಕರಟದ ಇದ್ದಿಲು. ಅದರ ಮೇಲೆ 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಬೆ ಹಾಯಿಸಿದಾಗ ಅದರ ಮೈತುಂಬ ರಂಧ್ರಗಳಾಗುತ್ತವೆ. ಬಹುಪಾಲು ರಂಧ್ರಗಳ ಅಗಲ 2 ನ್ಯಾನೋಮೀಟರಿಗೂ ಕಡಿಮೆ. ಒಳ್ಳೆಯ ಕಾರ್ಬನ್ ಒಂದು ಗ್ರಾಂ ಇದ್ದರೆ ಅದರ ಒಳಮೈ ಸುಮಾರು 1000 ಚದರ ಮೀಟರ್, ಅಂದರೆ 500 ಚದರ ಅಡಿಯ ನಮ್ಮಂಥ ಇಪ್ಪತ್ತೊಂದು ಮನೆಗಳ ನೆಲ! ಬಣ್ಣ, ವಾಸನೆ, ಕೀಟನಾಶಕಗಳ ಅಣುಗಳು ಅಲ್ಲಿ ಅಂಟಿ ನಿಲ್ಲುತ್ತವೆ. ಜಾಗ ತುಂಬಿದ ಮೇಲೆ ಬಂದವು ನೇರ ಲೋಟಕ್ಕೆ. ತಿಳಿ ನೀರು ನೋಡಿ ಅದನ್ನು ಕಂಡುಹಿಡಿಯಲಾಗದು.

ಕರಗಿದ ಉಪ್ಪು, ಗಡಸುತನ, ನೈಟ್ರೇಟ್ ಇದಕ್ಕೆ ಸಿಕ್ಕುವುದಿಲ್ಲ. ಕ್ಲೋರಿನ್ ಅನ್ನಾದರೆ ಚೆನ್ನಾಗಿ ತೆಗೆಯುತ್ತದೆ. ಉಪ್ಪು ತೆಗೆಯುವ ಆರ್‌ಓ ಪೊರೆಯನ್ನು ಕ್ಲೋರಿನ್ ಹಾಳುಮಾಡುವುದರಿಂದಲೇ ಅದಕ್ಕೂ ಮೊದಲು ಕಾರ್ಬನ್ ಇಟ್ಟಿರುತ್ತಾರೆ. ಆದರೆ ಕ್ಲೋರಿನ್ ಹೋದ ನೀರಿಗೆ ಕಾವಲಿಲ್ಲ, ಹಳೆಯ ಕಾರ್ಬನ್ನಿನ ಮೇಲೆ ಬ್ಯಾಕ್ಟೀರಿಯಾ ಬೆಳೆಯಬಲ್ಲವು. ಬೇಸಿಗೆಯಲ್ಲಿ ಊರಿಗೆ ಹೋಗಿ ಬಂದವರು ಮೊದಲು ಬರುವ ನೀರನ್ನು ದಯವಿಟ್ಟು ಚೆಲ್ಲಿಬಿಡಿ.

ಕಾರ್ಖಾನೆಯಲ್ಲಿ ನನಗೆ ಈ ಕಾರ್ಬನ್ನಿನ ಮೇಲೆ ನಿಜವಾದ ಪ್ರೀತಿ ಹುಟ್ಟಿತು. ಔಷಧದ ಕಂದು ದ್ರಾವಣಕ್ಕೆ ಇದರ ಕರಿಪುಡಿ ಸೇರಿಸಿ, ಕಲಕಿ, ಬಿಸಿ ಆರುವ ಮುನ್ನ ಸೋಸಿದರೆ ತಿಳಿಯಾದ ದ್ರವ ಇಳಿಯುತ್ತದೆ. ಇದ್ದಿಲಿನ ಈ ಗುಣವನ್ನು ರಸಾಯನತಜ್ಞ ಟೋಬಿಯಾಸ್ ಲೋವಿಟ್ಸ್ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ 1785ರಲ್ಲೇ ಗುರುತಿಸಿದ್ದ. ಹೊಸದಾಗಿ ಸೇರಿದ ಹುಡುಗರಿಗೆ ನಾವು ಮೊದಲು ಕಲಿಸುತ್ತಿದ್ದುದು ಎರಡು ಮಾತು. ಕುದಿಯುವ ದ್ರಾವಣಕ್ಕೆ ಕಾರ್ಬನ್ ಸುರಿಯಬೇಡಿ, ಒಮ್ಮೆಲೇ ಉಕ್ಕಿಬರುತ್ತದೆ. ಅಳತೆ ಮೀರಿ ಹಾಕಬೇಡಿ, ಬಣ್ಣದ ಜತೆ ಔಷಧವನ್ನೂ ಹಿಡಿದುಕೊಂಡು ಇಳುವರಿ ತಗ್ಗಿಸುತ್ತದೆ.

ಇಷ್ಟಕ್ಕಿಂತ ಮುಖ್ಯವಾದದ್ದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಒದ್ದೆಯಾದ ಕಾರ್ಬನ್ ಮುಚ್ಚಿದ ಟ್ಯಾಂಕಿನೊಳಗಿನ ಗಾಳಿಯಿಂದ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ವಾಸನೆ ಇರುವುದಿಲ್ಲ, ಉಸಿರು ಕಟ್ಟಿದಂತೆಯೂ ಅನ್ನಿಸುವುದಿಲ್ಲ. ಒಳಗಿಳಿದವನು ಹಾಗೆಯೇ ಕುಸಿಯುತ್ತಾನೆ. ಕಾರ್ಖಾನೆಯವರಿಗೆ ಇದು ಗೊತ್ತು. ಈಗ ಮುಂಬೈ, ಠಾಣೆಯ ದೊಡ್ಡ ವಸತಿ ಸೊಸೈಟಿಗಳ ಕೊಳಚೆನೀರು ಸಂಸ್ಕರಣಾ ಘಟಕಗಳಲ್ಲೂ ಆಳೆತ್ತರದ ಕಾರ್ಬನ್ ಫಿಲ್ಟರುಗಳಿರುತ್ತವೆ. ಅಲ್ಲಿ ದಿನಗೂಲಿಯ ಹುಡುಗನೊಬ್ಬನನ್ನು ಸಲಿಕೆ ಕೊಟ್ಟು ಒಳಗಿಳಿಸುವುದು ಕಾರ್ಯದರ್ಶಿಗೆ ಸುಲಭದ ಕೆಲಸವಾಗಿ ಕಂಡೀತು. ನಿಮ್ಮ ಸಮಿತಿಯಲ್ಲಿ ಈಗಲೇ ಮಾತಾಡಿ. ಸಾಧ್ಯವಾದರೆ ಕಾರ್ಬನ್ನನ್ನು ಹೊರಗಿನಿಂದಲೇ ತೆಗೆಸಿ. ಇಳಿಯಲೇಬೇಕಾದರೆ ಮೊದಲು ಗಾಳಿ ಹಾಯಿಸಿ, ಮೀಟರಿನಲ್ಲಿ ಆಮ್ಲಜನಕ ಅಳೆದು, ಮೈಗೆ ಸುರಕ್ಷತಾ ಪಟ್ಟಿ (ಹಾರ್ನೆಸ್) ತೊಡಿಸಿ ಅದಕ್ಕೆ ಹಗ್ಗ ಕಟ್ಟಿ, ಮೇಲೊಬ್ಬ ತರಬೇತಾದವನನ್ನು ನಿಲ್ಲಿಸಿ. ಒಳಗಿದ್ದವನು ಬಿದ್ದರೆ ಅವನನ್ನು ಹೊರಗೆಳೆಯಲು ಇನ್ನೊಬ್ಬನು ಬರಿಗೈಯಲ್ಲಿ ಧುಮುಕಬಾರದು ಎಂಬುದನ್ನೂ ಮೇಲೆ ನಿಂತವನಿಗೆ ಹೇಳಿರಿ.